ಒಂದೇ ಇಸವಿ, ಬೇರೆ ಬೇರೆ ಪೈಸೆ

ನಿಮ್ಮ ಹಳೆಯ ಡಬ್ಬಿಯಲ್ಲಿ 1985ರ ನಾಲ್ಕಾಣೆ ಇದ್ದರೆ ಹೊರಗೆ ತೆಗೆದು ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ಅಲ್ಲಿ ಏನೂ ಇಲ್ಲದಿರಬಹುದು. ಪುಟ್ಟ ವಜ್ರದಾಕಾರವೋ ನಕ್ಷತ್ರವೋ ಇರಬಹುದು. ಕೆಲವು ನಾಣ್ಯಗಳಲ್ಲಿ ಇಂಗ್ಲಿಷಿನ ‘ಸಿ’ ಅಕ್ಷರ ಇರುತ್ತದೆ. ಬ್ರಿಟಿಷರ ಕಾಲದ ತಾಮ್ರದ ಕಾಸುಗಳನ್ನು ನೋಡಿ ಬಲ್ಲವರು ಈ ‘ಸಿ’ಯನ್ನೂ ಕಲ್ಕತ್ತ ಎಂದೇ ಓದಿಬಿಡುತ್ತಾರೆ. ಇದು ಕಲ್ಕತ್ತದ್ದಲ್ಲ, ಕೆನಡಾದ ಒಟ್ಟಾವ ಟಂಕಸಾಲೆಯದು. ಚಿಲ್ಲರೆಗೆ ಪರದಾಟವಿದ್ದ ಆ ವರ್ಷಗಳಲ್ಲಿ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಹೊಡೆಸಿ ತರಿಸಿಕೊಂಡಿತು. ಅದೇ 1985ರ ಒಂದು ರೂಪಾಯಿಯಲ್ಲಿ ‘ಎಚ್’ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಕಾರ್ಖಾನೆಯ ಗುರುತು. ಇಸವಿಯ ಮೊದಲ ಅಂಕಿಯ ಕೆಳಗೆ ವಜ್ರ ಇದ್ದರೆ ಅದು ವೇಲ್ಸ್‌ನ ಲಾಂಟ್ರಿಸೆಂಟಿನದು. ಅದೇ ವಜ್ರ ಇಸವಿಯ ನಟ್ಟನಡುವೆ ಬಂದರೆ ನಮ್ಮ ಮುಂಬಯಿಯದು. ಗುರುತು ಒಂದೇ ಆದರೂ ಅರ್ಧ ಸೆಂಟಿಮೀಟರೂ ಇಲ್ಲದ ಜಾಗದ ವ್ಯತ್ಯಾಸ ನಾಣ್ಯದ ಊರನ್ನೇ ಬದಲಿಸುತ್ತದೆ.

ಸಣ್ಣ ಮೌಲ್ಯದ ನಾಣ್ಯಗಳ ಒಳಭೇದ ಹುಡುಕುವ ಹವ್ಯಾಸ ಎಂದರೆ ಇದೇ. ಇದಕ್ಕೆ ದೊಡ್ಡ ದುಡ್ಡು ಬೇಡ. ವರಹ, ಮೊಹರು ಸಂಗ್ರಹಿಸುವವರಿಗೆ ಸಿಗದ ಒಂದು ಅನುಕೂಲ ಪೈಸೆ ಸಂಗ್ರಹಿಸುವವರಿಗೆ ಇದೆ. ಒಂದೇ ಇಸವಿಯ ಐವತ್ತು, ನೂರು ನಾಣ್ಯಗಳನ್ನು ಮೇಜಿನ ಮೇಲೆ ಹರಡಿಕೊಂಡು ಹೋಲಿಸಬಹುದು. ಒಳಭೇದ ಎನ್ನುವುದು ಒಂದೇ ನಾಣ್ಯ ನೋಡಿದರೆ ಕಾಣುವಂಥದ್ದಲ್ಲ. ಎರಡನ್ನು ಪಕ್ಕಪಕ್ಕ ಇಟ್ಟಾಗಲೇ ಅದು ಕಣ್ಣಿಗೆ ಬೀಳುವುದು. ಆದ್ದರಿಂದ ‘ಇದು ನನ್ನ ಹತ್ತಿರ ಆಗಲೇ ಇದೆ’ ಎಂದು ನಾಣ್ಯವನ್ನು ಬೇಗ ಕೈಬಿಡಬೇಡಿ. ಸಂಗ್ರಾಹಕನಿಗೆ ಸಾಮಾನ್ಯ ನಾಣ್ಯಗಳ ಗುಡ್ಡೆಯೇ ಅಳತೆಗೋಲು.

ಭೇದ ಹುಟ್ಟುವುದು ಎಲ್ಲಿ?

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮರದ ಅಚ್ಚಿನ ಗಿಳಿಯ ಕೊಕ್ಕು ಚೂರು ಮುರಿದಿದ್ದರೆ ಆ ಅಚ್ಚಿನಿಂದ ಬಂದ ಗಿಳಿಗಳೆಲ್ಲ ಮೊಂಡುಕೊಕ್ಕಿನವೇ. ನಾಣ್ಯದಲ್ಲೂ ಹೀಗೆಯೇ. ಮೂಲ ವಿನ್ಯಾಸದಿಂದ ಒಂದು ತಾಯಚ್ಚು, ತಾಯಚ್ಚಿನಿಂದ ಕೆಲಸದ ಅಚ್ಚುಗಳು, ಆ ಅಚ್ಚುಗಳಿಂದ ಲಕ್ಷಗಟ್ಟಲೆ ನಾಣ್ಯಗಳು ಹೊರಬರುತ್ತವೆ. ತಾಯಚ್ಚು ಸವೆದು ಹೊಸದನ್ನು ಕೆತ್ತುವಾಗ ಅಂಕಿ ಕೂದಲೆಳೆಯಷ್ಟು ದಪ್ಪವಾಗಬಹುದು, ಅಕ್ಷರ ಅಂಚಿನತ್ತ ಸರಿಯಬಹುದು, ಸಿಂಹದ ಕೇಸರದಲ್ಲಿ ಒಂದು ಸಾಲು ಕಡಿಮೆಯಾಗಬಹುದು. ಹೀಗೆ ಅಚ್ಚಿನಲ್ಲೇ ಇದ್ದು, ಆ ಅಚ್ಚಿನ ಎಲ್ಲ ನಾಣ್ಯಗಳಲ್ಲೂ ಮರುಕಳಿಸುವ ವ್ಯತ್ಯಾಸವೇ ನಿಜವಾದ ಒಳಭೇದ. ಹೊಡೆಯುವಾಗ ಬಿಲ್ಲೆ ಜರುಗಿ ಚಿತ್ರ ಒಂದು ಬದಿಗೆ ಸರಿದಿದ್ದರೆ ಅದು ಆ ಒಂದು ನಾಣ್ಯದ ದೋಷ ಮಾತ್ರ. ದೋಷದ ನಾಣ್ಯ ಕೂಡಿಡುವುದೂ ಒಳ್ಳೆಯ ಹವ್ಯಾಸವೇ, ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಾರದು. ಇನ್ನು ಚಲಾವಣೆಯಲ್ಲಿ ತಿಂದ ಪೆಟ್ಟು, ಅರದಿಂದ ಉಜ್ಜಿದ ಗುರುತು, ಬೆಂಕಿಗೆ ಬಿದ್ದು ಬದಲಾದ ಬಣ್ಣ ಈ ಎರಡಕ್ಕೂ ಸೇರುವುದಿಲ್ಲ. ಅವು ಬರೀ ಗಾಯಗಳು.

ಮೊದಲು ತೂಕ, ಆಮೇಲೆ ಭೂತಗನ್ನಡಿ

ಹೊಸಬರು ನಾಣ್ಯ ಸಿಕ್ಕ ಕೂಡಲೇ ಭೂತಗನ್ನಡಿ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಹೆಜ್ಜೆ. ಮೊದಲು ಲೋಹ ಯಾವುದು ಎಂದು ತಿಳಿಯಬೇಕು. ಅದಕ್ಕೆ ಪುಟ್ಟ ಅಯಸ್ಕಾಂತವೂ ಒಂದು ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯೂ ಸಾಕು. ವ್ಯಾಸ ಅಳೆಯಲು ಒಂದು ವರ್ನಿಯರ್ ಇದ್ದರೆ ಇನ್ನೂ ಒಳ್ಳೆಯದು.

ಅಯಸ್ಕಾಂತದಿಂದ ಏನು ಗೊತ್ತಾಗುತ್ತದೆ ಎಂಬುದಕ್ಕೆ ನಾಲ್ಕಾಣೆಯೇ ಉದಾಹರಣೆ. ದಶಮಾಂಶ ಪದ್ಧತಿ ಜಾರಿಗೆ ಬಂದ 1957ರಿಂದ 1960ರ ದಶಕ ಮುಗಿಯುವವರೆಗಿನ 25 ಪೈಸೆ ಶುದ್ಧ ನಿಕ್ಕಲ್. ಅಯಸ್ಕಾಂತಕ್ಕೆ ಪಟ್ಟನೆ ಅಂಟುತ್ತದೆ. 1972ರಿಂದ ಬಂದದ್ದು ತಾಮ್ರ ಬೆರೆತ ನಿಕ್ಕಲ್. ಗಾತ್ರವೂ ಅಷ್ಟೇ, ತೂಕವೂ ಅದೇ ಎರಡೂವರೆ ಗ್ರಾಂ, ಆದರೆ ಅಂಟುವುದಿಲ್ಲ. 1988ರಲ್ಲಿ ಬಂದ ಖಡ್ಗಮೃಗದ ನಾಲ್ಕಾಣೆ ಸ್ಟೀಲಿನದು, ಅದು ಮತ್ತೆ ಅಂಟುತ್ತದೆ. ಇಸವಿ ಸವೆದು ಹೋದ ನಾಣ್ಯ ಯಾವ ಕಾಲದ್ದೆಂದು ಹೇಳಲು ಇಷ್ಟು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಎಲ್ಲ ಲೋಹಗಳೂ ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 1962ರ ಒಂದು ನಯಾ ಪೈಸೆ ಕಂಚಿನಲ್ಲೂ ಇದೆ, ನಿಕ್ಕಲ್ ಬೆರೆತ ಹಿತ್ತಾಳೆಯಲ್ಲೂ ಇದೆ. ಎರಡೂ 16 ಮಿಲಿಮೀಟರ್, ಎರಡೂ ಸುಮಾರು ಒಂದೂವರೆ ಗ್ರಾಂ. ಅಯಸ್ಕಾಂತಕ್ಕೆ ಎರಡೂ ಜಗ್ಗುವುದಿಲ್ಲ. ಬಣ್ಣ ನೋಡಿ ಹೇಳೋಣ ಎಂದರೆ ಅರವತ್ತು ವರ್ಷ ಕೈಯಿಂದ ಕೈಗೆ ದಾಟಿ, ಡಬ್ಬಿಯಲ್ಲಿ ಕೂತು ಎರಡೂ ಕಪ್ಪಾಗಿರುತ್ತವೆ. ಇಲ್ಲಿ ಹೋಲಿಕೆಯೊಂದೇ ದಾರಿ. 1957ರದು ಕಂಚು ಮಾತ್ರ, 1963ರದು ಹಿತ್ತಾಳೆ ಮಾತ್ರ. ಅವೆರಡರ ನಡುವೆ ಅನುಮಾನದ 1962ನ್ನು ಇಟ್ಟು, ಹಗಲಿನ ಬೆಳಕಿನಲ್ಲಿ, ಅಂಕಿಯ ಪಕ್ಕದ ತಗ್ಗುಗಳಲ್ಲಿ ಉಳಿದಿರುವ ಮೂಲ ಬಣ್ಣ ನೋಡಿ. ಕೆಂಪು ಛಾಯೆಯೋ ಹಳದಿಯೋ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಚಾಕುವಿನಿಂದ ಗೀಚಿ ನೋಡುವುದು ಮಾತ್ರ ಬೇಡವೇ ಬೇಡ.

ತೂಕದಿಂದಲೇ ಗೊತ್ತಾಗುವ ಭೇದವೂ ಇದೆ. ಏಳನೇ ಎಡ್ವರ್ಡನ 1906ರ ಕಾಲಾಣೆ ತಾಮ್ರದಲ್ಲೂ ಕಂಚಿನಲ್ಲೂ ಬಂದಿದೆ. ಆ ವರ್ಷ ಸರ್ಕಾರ ತಾಮ್ರ ಬಿಟ್ಟು ಕಂಚಿಗೆ ಬಂತು, ಬಿಲ್ಲೆಯನ್ನೂ ತೆಳ್ಳಗೆ ಮಾಡಿತು. ತಾಮ್ರದ್ದು ಆರೂವರೆ ಗ್ರಾಮಿನ ಹತ್ತಿರ, ಕಂಚಿನದು ಐದಕ್ಕಿಂತ ಸ್ವಲ್ಪ ಕಡಿಮೆ. ಎಷ್ಟೇ ಸವೆದಿದ್ದರೂ ತಕ್ಕಡಿ ಸುಳ್ಳು ಹೇಳುವುದಿಲ್ಲ. ಸ್ವತಂತ್ರ ಭಾರತದ ಅಲ್ಯೂಮಿನಿಯಂ ಐದು ಪೈಸೆಯ ಕಥೆಯೂ ಇಂಥದ್ದೇ. ಒಂದೂವರೆ ಗ್ರಾಂ ಇದ್ದದ್ದು 1984ರ ಹೊತ್ತಿಗೆ ಸುಮಾರು ಒಂದು ಗ್ರಾಮಿಗೆ ಇಳಿಯಿತು. ಆ ಹೊತ್ತಿನ ಐದು ಪೈಸೆಗಳನ್ನು ತೂಗದೆ ಜೋಡಿಸಿಡಬೇಡಿ.

ಹೈದರಾಬಾದಿನ ಮೂರು ಮುಖ

ಟಂಕಸಾಲೆ ಗುರುತುಗಳನ್ನು ಎಲ್ಲರೂ ಹೀಗೆ ಬಾಯಿಪಾಠ ಮಾಡಿರುತ್ತಾರೆ: ಮುಂಬಯಿಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ಚುಕ್ಕೆ, ಕಲ್ಕತ್ತಕ್ಕೆ ಏನೂ ಇಲ್ಲ. 1988ರ ನಂತರ ನಮ್ಮಲ್ಲೇ ಹೊಡೆದ ನಾಣ್ಯಗಳಿಗೆ ಇದು ಬಹುಮಟ್ಟಿಗೆ ಸಾಕು. ನೋಯ್ಡಾ ಟಂಕಸಾಲೆ ಕೆಲಸ ಶುರುಮಾಡಿದ್ದೇ ಆ ವರ್ಷ. ಆದರೆ ನಯೇ ಪೈಸೆ ಕಾಲದ ನಾಣ್ಯಗಳಿಗೆ ಈ ಪಾಠ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ನಿಜಾಮರ ಕಾಲದ ಹೈದರಾಬಾದ್ ಟಂಕಸಾಲೆ 1950ರಲ್ಲಿ ಭಾರತ ಸರ್ಕಾರದ ಕೈಗೆ ಬಂತು. 1953ರಿಂದ 1960ರ ತನಕ ಅದು ಬಳಸಿದ್ದು ನಡುವೆ ಉದ್ದಕ್ಕೆ ಸೀಳಿದ ವಜ್ರ. ಆಮೇಲೆ 1960ರ ದಶಕದ ಬಹುಪಾಲು, ಒಳಗೆ ಚುಕ್ಕೆ ಇರುವ ವಜ್ರ. ನಕ್ಷತ್ರ ಬಂದದ್ದು ಆ ದಶಕದ ಕೊನೆಗೆ. ಹಾಗಾಗಿ 1957ರ ಒಂದು ನಯಾ ಪೈಸೆಯಲ್ಲಿ ವಜ್ರ ಕಂಡರೆ ಅದು ಮುಂಬಯಿಯದೂ ಆಗಿರಬಹುದು, ಹೈದರಾಬಾದಿನದೂ ಆಗಿರಬಹುದು. ವಜ್ರ ತುಂಬಿದೆಯೋ ಸೀಳಿದೆಯೋ ಎಂಬುದರಲ್ಲೇ ಉತ್ತರವಿದೆ. ಇಡೀ ನಾಣ್ಯವೇ 16 ಮಿಲಿಮೀಟರ್. ಅದರಲ್ಲಿ ವಜ್ರ ಎಳ್ಳಿಗಿಂತ ಚಿಕ್ಕದು. ಆ ಎಳ್ಳಿನೊಳಗಿನ ಸೀಳು ಸ್ವಲ್ಪ ಸವೆದರೂ ಮುಚ್ಚಿಹೋಗುತ್ತದೆ.

ಇಲ್ಲಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ಅದಕ್ಕಿಂತ ಹೆಚ್ಚಾಗಿ ಬೆಳಕು ಸರಿಯಿರಬೇಕು. ಮೇಲಿನಿಂದ ನೇರ ಬೀಳುವ ಬೆಳಕಿನಲ್ಲಿ ತಗ್ಗುಗಳು ಕಾಣುವುದೇ ಇಲ್ಲ. ಮೇಜಿನ ದೀಪವನ್ನು ನಾಣ್ಯದ ಮಟ್ಟಕ್ಕೆ ತಗ್ಗಿಸಿ, ಪಕ್ಕದಿಂದ ಬೆಳಕು ಹರಿಯುವಂತೆ ಇಟ್ಟುಕೊಳ್ಳಿ. ನಾಣ್ಯವನ್ನು ಬೆರಳಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕೋನದಲ್ಲಿ ಸೀಳಿನ ನೆರಳು ಗೆರೆಯಾಗಿ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಚೆನ್ನಾಗಿರುವ ಮುಂಬಯಿ ನಾಣ್ಯವನ್ನು ಪಕ್ಕದಲ್ಲಿಟ್ಟು ವಜ್ರದ ಹೊರ ಆಕಾರವನ್ನೂ ಇಸವಿಯಿಂದ ಅದಕ್ಕಿರುವ ಅಂತರವನ್ನೂ ಹೋಲಿಸಿ. ಆಗಲೂ ಖಚಿತವಾಗದಿದ್ದರೆ ಪಟ್ಟಿಯಲ್ಲಿ ‘ಅನಿಶ್ಚಿತ’ ಎಂದೇ ಬರೆಯಿರಿ. ಅನಿಶ್ಚಿತ ಎಂದು ಬರೆದ ನಾಣ್ಯಕ್ಕೆ ಮುಂದೆ ಉತ್ತರ ಸಿಗಬಹುದು. ತಪ್ಪು ಹೆಸರು ಬರೆದಿಟ್ಟರೆ ಅದನ್ನು ಮತ್ತೆ ಯಾರೂ ನೋಡುವುದಿಲ್ಲ.

ಗುರುತಿಲ್ಲದ ನಾಣ್ಯವೇ ಎಲ್ಲಕ್ಕಿಂತ ತೊಡಕಿನದು. ಕಲ್ಕತ್ತ ಗುರುತು ಹಾಕುವುದಿಲ್ಲ, ನಿಜ. ಆದರೆ ಗುರುತಿಲ್ಲದ್ದೆಲ್ಲ ಕಲ್ಕತ್ತದ್ದಲ್ಲ. ನಾಣ್ಯದ ಮೇಲೆ ಉಬ್ಬಿರುವ ಗುರುತು ಅಚ್ಚಿನಲ್ಲಿ ಒಂದು ಪುಟ್ಟ ಕುಳಿ. ಆ ಕುಳಿಯಲ್ಲಿ ಯಂತ್ರದ ಜಿಡ್ಡು, ಲೋಹದ ಪುಡಿ ತುಂಬಿಕೊಂಡರೆ ಗುರುತು ಮೂಡುವುದೇ ಇಲ್ಲ. ಅಂಥ ನಾಣ್ಯದಲ್ಲಿ ಗುರುತಿನ ಜಾಗದಲ್ಲಿ ಮಸುಕಾದ ಉಬ್ಬು ಉಳಿದಿರುವುದುಂಟು, ಪಕ್ಕದ ಅಂಕಿಯ ಬುಡವೂ ಕೆಲವೊಮ್ಮೆ ತುಂಬಿಕೊಂಡಿರುತ್ತದೆ. ಸವೆದು ಹೋದದ್ದಾದರೆ ಅಕ್ಕಪಕ್ಕದ ಅಂಕಿಗಳೂ ಅಷ್ಟೇ ಸವೆದಿರಬೇಕು. ಇಸವಿ ಗರಿಗರಿಯಾಗಿದ್ದು ಗುರುತೊಂದೇ ಮಾಯವಾಗಿದ್ದರೆ ಯಾರಾದರೂ ಕೆರೆದಿದ್ದಾರೆಯೇ ಎಂದು ನೋಡಿ. ಕೆರೆದ ಜಾಗದಲ್ಲಿ ಸಮಾನಾಂತರ ಗೀರುಗಳು ಇರುತ್ತವೆ, ಸುತ್ತಲಿನ ಹಳೆಯ ಬಣ್ಣ ಅಲ್ಲಿ ತಟ್ಟನೆ ನಿಂತಿರುತ್ತದೆ.

ಅಂಕಿ, ಅಕ್ಷರ, ಸಿಂಹ

ಲೋಹವೂ ಊರೂ ಗೊತ್ತಾದ ಮೇಲೆ ಉಳಿಯುವುದು ವಿನ್ಯಾಸದ ಭೇದ. ಕೆಲವು ಢಾಳಾಗಿ ಕಾಣುತ್ತವೆ. 1964ರ ಜೂನ್ 1ರಿಂದ ‘ನಯಾ’ ಪದ ಬಿಟ್ಟುಹೋಯಿತು. ಅದೇ ವರ್ಷ ನೆಹರೂ ಸ್ಮರಣೆಗೆ ಬಂದ ಎಂಟಾಣೆಯಲ್ಲಿ ಅವರ ಹೆಸರು ಇಂಗ್ಲಿಷಿನಲ್ಲಿರುವುದೂ ಇದೆ, ಹಿಂದಿಯಲ್ಲಿರುವುದೂ ಇದೆ. ಎರಡನ್ನೂ ಒಂದೇ ಎಂದುಕೊಂಡು ಒಂದನ್ನು ಮಾತ್ರ ಇಟ್ಟುಕೊಂಡವರು ಬಹಳ ಮಂದಿ. ಅಲ್ಯೂಮಿನಿಯಂ ಕಾಲದ ಎರಡು, ಐದು, ಹತ್ತು ಪೈಸೆಗಳಲ್ಲಿ ಅಂಕಿಯ ಎತ್ತರ, ದಪ್ಪ, ಬಳುಕು ಅಚ್ಚಿನಿಂದ ಅಚ್ಚಿಗೆ ಬದಲಾಗಿದೆ. ಅಲ್ಲಿ ‘ಚಿಕ್ಕ ಅಂಕಿ, ದೊಡ್ಡ ಅಂಕಿ’ ಎಂದು ಬರೆದರೆ ಆರು ತಿಂಗಳ ನಂತರ ನಿಮಗೇ ಅರ್ಥವಾಗುವುದಿಲ್ಲ. ವರ್ನಿಯರಿನಲ್ಲಿ ಅಳೆದು ಮಿಲಿಮೀಟರಿನಲ್ಲಿ ಬರೆಯಿರಿ.

ಜಾಗದ ವ್ಯತ್ಯಾಸ ಹಿಡಿಯಲು ಒಂದು ಉಪಾಯ ನನಗೆ ಬಹಳ ಉಪಕಾರ ಮಾಡಿದೆ. ಇಸವಿಯ ‘1’ ಅಂಕಿಯ ಬೆನ್ನಿಗೆ ಪಾರದರ್ಶಕ ಸ್ಕೇಲ್ ಇಟ್ಟು ಆ ಗೆರೆ ಮೇಲೆ ಯಾವ ಅಕ್ಷರವನ್ನು, ಎಲ್ಲಿ ಮುಟ್ಟುತ್ತದೆ ನೋಡಿ. ಒಂದರಲ್ಲಿ ಅಕ್ಷರದ ನಡುವೆ ಹೋಗುವ ಗೆರೆ ಇನ್ನೊಂದರಲ್ಲಿ ಅಂಚು ತಾಗಿ ಹೋದರೆ ಎರಡಕ್ಕೂ ಅಚ್ಚು ಬೇರೆ. ಮೊಬೈಲಿನಲ್ಲಿ ಒಂದೇ ಎತ್ತರದಿಂದ ಎರಡರ ಫೋಟೋ ತೆಗೆದು, ಒಂದನ್ನು ಅರೆಪಾರದರ್ಶಕ ಮಾಡಿ ಇನ್ನೊಂದರ ಮೇಲೆ ಕೂರಿಸಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಸಿಂಹದ ಕಡೆಗೆ ಬಂದರೆ ಕೇಸರದ ಎಳೆಗಳು, ಎದೆಯ ಮೇಲಿನ ಕೂದಲ ಸಾಲು, ಪೀಠದ ಚಕ್ರದ ಅರೆಗಳು, ಅದರ ಒಂದು ಬದಿಯ ಗೂಳಿ, ಇನ್ನೊಂದು ಬದಿಯ ಕುದುರೆ ಇವನ್ನು ನೋಡಬೇಕು. ಆದರೆ ಎಚ್ಚರ: ಮೊದಲು ಸವೆಯುವುದೂ ಇವೇ. ಸವೆದ ಕೇಸರವನ್ನು ‘ಕಡಿಮೆ ಎಳೆಯ ಸಿಂಹ’ ಎಂದು ದಾಖಲಿಸಿದ ಪಟ್ಟಿಗಳು ಕಡಿಮೆಯೇನಿಲ್ಲ. ಎಳೆಗಳ ಲೆಕ್ಕ ಹಾಕುವುದಿದ್ದರೆ ಚಲಾವಣೆಯಲ್ಲಿ ಅಷ್ಟಾಗಿ ಸವೆಯದ ನಾಣ್ಯದಲ್ಲೇ ಹಾಕಿ.

ಜೋಡಿ ಗೆರೆ ಕಂಡರೆ ಹೆಚ್ಚಿನವರು ಹಿಗ್ಗುತ್ತಾರೆ. ಅಚ್ಚಿನಲ್ಲೇ ಎರಡು ಸಲ ಒತ್ತು ಬಿದ್ದಿದ್ದರೆ ಅಂಕಿಯ ತುದಿಗಳಲ್ಲಿ ಸ್ಪಷ್ಟವಾದ ಕವಲು ಇರುತ್ತದೆ, ಎರಡೂ ಗೆರೆಗಳು ದುಂಡಗೆ ಉಬ್ಬಿರುತ್ತವೆ. ಹೊಡೆದ ಕ್ಷಣದಲ್ಲಿ ಅಚ್ಚು ಅದುರಿದರೆ ಬರುವುದು ಚಪ್ಪಟೆ ಮೆಟ್ಟಿಲು. ಅದು ಅಂಕಿಯನ್ನೇ ಕತ್ತರಿಸಿ ತೆಳ್ಳಗೆ ಮಾಡಿರುತ್ತದೆ. ಎರಡನೆಯದು ಚಿಲ್ಲರೆ ನಾಣ್ಯಗಳಲ್ಲಿ ಧಾರಾಳವಾಗಿದೆ, ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಇನ್ನೊಂದು ಸುಲಭ ಪರೀಕ್ಷೆ ಇದೆ. ನಾಣ್ಯವನ್ನು ಎಡಬಲ ಅಂಚಿನಲ್ಲಿ ಹಿಡಿದು ಪುಟದಂತೆ ಮಗುಚಿ. ನಮ್ಮ ನಾಣ್ಯಗಳಲ್ಲಿ ಹಿಂಬದಿ ನೆಟ್ಟಗೆ ಬರಬೇಕು. ಓರೆಯಾಗಿ ಬಂದರೆ ಒಂದು ಅಚ್ಚು ತಿರುಗಿ ಕೂತಿತ್ತು ಎಂದರ್ಥ. ಎಷ್ಟು ತಿರುಗಿದೆ ಎಂಬುದನ್ನು ಗಡಿಯಾರದ ಗಂಟೆ ಲೆಕ್ಕದಲ್ಲಿ ಬರೆದಿಡಿ.

ಹಳೆಯ ಕಾಸುಗಳ ಕಡೆಗೆ

ಪೈಸೆಗಳಲ್ಲಿ ಕಣ್ಣು ಪಳಗಿದ ಮೇಲೆ ತೂತು ಕಾಸಿಗೆ ಬನ್ನಿ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಲೋಹ ಉಳಿಸಲು ನಡುವೆ ತೂತಿಟ್ಟು ತಂದ ಕಂಚಿನ ಕಾಸು ಅದು. 1947ರವರೆಗೂ ನಡೆಯಿತು. ಇಸವಿಯ ಬಳಿ ‘ಎಲ್’ ಅಕ್ಷರ ಇದ್ದರೆ ಯುದ್ಧಕಾಲದಲ್ಲಿ ಶುರುವಾದ ಲಾಹೋರ್ ಟಂಕಸಾಲೆಯದು. ಕಿರೀಟ ಕೆಲವದರಲ್ಲಿ ಚಪ್ಪಟೆ, ಕೆಲವದರಲ್ಲಿ ದುಂಡು. ಅಕ್ಷರಗಳಲ್ಲೂ ಸಣ್ಣದು, ದೊಡ್ಡದು ಎಂಬ ಭೇದವಿದೆ. ಇಷ್ಟು ಅಗ್ಗದ ನಾಣ್ಯದಲ್ಲಿ ಇಷ್ಟು ಭೇದ ಇನ್ನೆಲ್ಲೂ ಸಿಗಲಾರದು, ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಐದನೇ ಜಾರ್ಜನ 1911ರ ನಾಣ್ಯಗಳಲ್ಲಿ ಅರಸನ ಎದೆಯ ಮೇಲಿನ ಪದಕಮಾಲೆಯ ಪುಟ್ಟ ಆನೆ ಹಂದಿಯಂತೆ ಕಂಡು ಜನ ಕೆರಳಿದರು. ಮರುವರ್ಷ ಸೊಂಡಿಲನ್ನು ತಿದ್ದಿ ಹೊಸ ಅಚ್ಚು ಮಾಡಿದರು. ರೂಪಾಯಿಯ ವಿಷಯದಲ್ಲಿ ಈ ಕಥೆ ಎಲ್ಲರಿಗೂ ಗೊತ್ತು. 1911ರ ಕಂಚಿನ ಕಾಲಾಣೆಯಲ್ಲೂ ಅದೇ ಆನೆ ಇದೆ ಎಂಬುದನ್ನು ಮರೆಯುತ್ತಾರೆ.

ಕೈಯಲ್ಲಿ ಅಚ್ಚು ಕೆತ್ತುತ್ತಿದ್ದ ಕಾಲಕ್ಕೆ ಹೋದರೆ ನಿಯಮವೇ ಬೇರೆ. ಟಿಪ್ಪುವಿನ ಆನೆ ಪೈಸೆಯ ಎರಡು ಅಚ್ಚುಗಳು ಒಂದೇ ತರ ಇರುವುದು ಸಾಧ್ಯವೇ ಇಲ್ಲ. ಅಲ್ಲಿ ಬಾಲದ ಬಳುಕನ್ನು ಭೇದವೆಂದು ಎಣಿಸುತ್ತಾ ಕೂತರೆ ಮುಗಿಯುವುದಿಲ್ಲ. ಬೇಕೆಂದೇ ಮಾಡಿದ ವ್ಯತ್ಯಾಸಗಳನ್ನು ಮಾತ್ರ ಹಿಡಿಯಬೇಕು. ಆನೆ ಎಡಕ್ಕೆ ನಡೆಯುತ್ತಿದೆಯೋ ಬಲಕ್ಕೋ, ಮೇಲೆ ಅರಬ್ಬೀ ಅಕ್ಷರವೇನಾದರೂ ಇದೆಯೋ, ಟಂಕಸಾಲೆ ಶ್ರೀರಂಗಪಟ್ಟಣದ ‘ಪಟನ್’ ಆಗಿದೆಯೋ ‘ನಗರ್’ ಆಗಿದೆಯೋ ಚಿತ್ರದುರ್ಗದ ‘ಫರ್ರುಖ್‌ಯಾಬ್ ಹಿಸಾರ್’ ಆಗಿದೆಯೋ ಎಂದು ನೋಡಬೇಕು. ಇಸವಿ ಓದುವಾಗ ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1921ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ಹೆಂಡರ್ಸನ್ ಅವರ ಪುಸ್ತಕ ಹೈದರ್ ಮತ್ತು ಟಿಪ್ಪು ನಾಣ್ಯಗಳಿಗೆ ಇಂದಿಗೂ ಕೈಪಿಡಿಯಾಗಿದೆ.

ತೊಳೆಯಬೇಡಿ, ನಂಬಿಬಿಡಬೇಡಿ

ಹುಣಸೆಹಣ್ಣು, ನಿಂಬೆ, ವಿಭೂತಿ, ಹಲ್ಲುಪುಡಿ ಇವುಗಳಲ್ಲಿ ಯಾವುದೂ ನಾಣ್ಯದ ಹತ್ತಿರ ಬರಬಾರದು. ಪೂಜೆಯ ತಂಬಿಗೆಗೆ ಹುಣಸೆಹಣ್ಣು ಸರಿ, ನಾಣ್ಯಕ್ಕೆ ಅದು ಆಮ್ಲ. ಫಳಫಳ ಹೊಳೆಯುವ ಹೊತ್ತಿಗೆ ಸೀಳುವಜ್ರದ ಸೀಳು, ಕೇಸರದ ಎಳೆ ಎಲ್ಲ ಹೋಗಿರುತ್ತವೆ. ಮಣ್ಣು ಕೂತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ಉಜ್ಜದೆ ಬಟ್ಟೆಯ ಮೇಲೆ ಒಣಗಿಸಿ. ಮೆತ್ತನೆಯ ಪಿವಿಸಿ ಕವರುಗಳಲ್ಲಿ ಇಡಬೇಡಿ, ವರ್ಷಗಳು ಕಳೆದಂತೆ ತಾಮ್ರದ ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ. ಮೈಲಾರ್ ಕಿಟಕಿ ಇರುವ ರಟ್ಟಿನ ಚೌಕಗಳು ಅಗ್ಗವಾಗಿ ಸಿಗುತ್ತವೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಅಲ್ಯೂಮಿನಿಯಂ ಪೈಸೆಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲಕ್ಕೆ ಮುಂಚೆ ಬದಲಿಸಿ. ಇಲ್ಲದಿದ್ದರೆ ಬಿಳಿ ಪುಡಿ ಏಳುತ್ತದೆ.

ಬೆಲೆಯ ವಿಷಯ ಚುಟುಕಾಗಿ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅದಾದ ಮೇಲೆ ‘ಹಳೆಯ ಪೈಸೆಗೆ ಲಕ್ಷ ರೂಪಾಯಿ’ ಎಂಬ ಜಾಹೀರಾತುಗಳು ಹೆಚ್ಚಿದವು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಅದು ಇಂಥ ವ್ಯವಹಾರದಲ್ಲಿ ಇಲ್ಲ, ಯಾರಿಂದಲೂ ಶುಲ್ಕ ಕೇಳುವುದೂ ಇಲ್ಲ. ಮಾರಲು ಬಂದ ನಿಮ್ಮಿಂದಲೇ ಮೊದಲು ಹಣ ಕೇಳುವವರ ಜೊತೆ ಮಾತು ಮುಂದುವರಿಸಬೇಡಿ. ಅಪರೂಪ ಎಂದ ಮಾತ್ರಕ್ಕೆ ಬೆಲೆ ಬರುವುದೂ ಇಲ್ಲ. ಆ ಭೇದವನ್ನು ಹುಡುಕುವವರು ಇದ್ದರೆ ಮಾತ್ರ ಬೆಲೆ.

ಕೊನೆಯ ಕೆಲಸ ಬರವಣಿಗೆ. ಪ್ರತಿ ರಟ್ಟಿನ ಮೇಲೆ ಮೌಲ್ಯ, ಇಸವಿ, ಲೋಹ, ತೂಕ, ವ್ಯಾಸ, ಗುರುತು ಮತ್ತು ಅದು ಇರುವ ಜಾಗ, ಎಲ್ಲಿ ಸಿಕ್ಕಿತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ‘25 ಪೈಸೆ, 1985, ತಾಮ್ರ-ನಿಕ್ಕಲ್, 2.49 ಗ್ರಾಂ, ಇಸವಿಯ ಕೆಳಗೆ ಸಿ’ ಎಂದಿದ್ದರೆ ಸಾಕು. ಹೊಸ ಭೇದ ಕಂಡಿತು ಅನಿಸಿದರೆ ‘ಎರಡನೇ ನಾಣ್ಯ’ ಎಂದು ಇನ್ನೊಂದು ಸಾಲು ಬಿಡಿ. ಬೇರೆ ಡಬ್ಬಿಯಿಂದ, ಬೇರೆ ಊರಿನಿಂದ ಅದೇ ವ್ಯತ್ಯಾಸವಿರುವ ಇನ್ನೊಂದು ಸಿಕ್ಕ ಮೇಲೆ ಆ ಸಾಲು ತುಂಬಿ, ಎರಡರ ಎರಡೂ ಬದಿಯ ಫೋಟೋ ಮತ್ತು ತೂಕವನ್ನು ಬೇರೆ ಸಂಗ್ರಾಹಕರಿಗೆ ಕಳಿಸಿ. ಅವರು ತಮ್ಮ ಗುಡ್ಡೆಯಲ್ಲಿ ಮೂರನೆಯದನ್ನು ಹುಡುಕಲು ಅಷ್ಟು ವಿವರ ಸಾಕಾಗುತ್ತದೆ.